ತಗಡಿನ ಸಿಮ್ಯುಲೇಶನ್: ಪ್ರೆಸ್‌ನಲ್ಲಿ ಲೆಕ್ಕ ತಪ್ಪುವುದೇಕೆ?

ಪ್ರಶ್ನೆ: 1.2 ಮಿ.ಮೀ. ಡಿಪಿ780 (ಹೆಚ್ಚು ಬಲದ ಡ್ಯುಯಲ್-ಫೇಸ್) ಉಕ್ಕಿನ ಯು-ಚಾನೆಲ್. ಡೈ ರೇಡಿಯಸ್ 5 ಮಿ.ಮೀ. ಸಿಮ್ಯುಲೇಶನ್‌ನಲ್ಲಿ ಸ್ಪ್ರಿಂಗ್‌ಬ್ಯಾಕ್ (ಪ್ರೆಸ್ ಬಿಟ್ಟ ಮೇಲೆ ತಗಡು ಹಿಂದಕ್ಕೆ ಚಿಮ್ಮುವುದು) 4 ಡಿಗ್ರಿ ಬಂತು, ಪ್ರೆಸ್‌ನಲ್ಲಿ 8 ಡಿಗ್ರಿ. ಗೋಡೆಗಳೂ ಹೊರಕ್ಕೆ ಬಾಗಿವೆ. ಬ್ಲ್ಯಾಂಕ್‌ನ (ಒತ್ತುವ ಮೊದಲಿನ ಚಪ್ಪಟೆ ತಗಡು) ಎಲಿಮೆಂಟ್, ಅಂದರೆ ಲೆಕ್ಕಕ್ಕಾಗಿ ವಿಭಾಗಿಸಿದ ತುಂಡಿನ ಅಳತೆ 3 ಮಿ.ಮೀ., ದಪ್ಪದ ದಿಕ್ಕಿನಲ್ಲಿ 3 ಇಂಟಿಗ್ರೇಶನ್ ಪಾಯಿಂಟ್ (ಸ್ಟ್ರೆಸ್ ಲೆಕ್ಕ ಹಾಕುವ ಬಿಂದು). ತಪ್ಪು ಎಲ್ಲಿದೆ?

ಉತ್ತರ: ಮೊದಲು ಮೆಶ್ (ಎಲಿಮೆಂಟ್‌ಗಳ ಜಾಲ) ಸರಿಮಾಡಿ. 5 ಮಿ.ಮೀ. ರೇಡಿಯಸ್‌ನ 90 ಡಿಗ್ರಿ ಕಮಾನಿನ ಉದ್ದ ಸುಮಾರು 7.9 ಮಿ.ಮೀ. ಅಷ್ಟರಲ್ಲಿ ನಿಮ್ಮ ಎಲಿಮೆಂಟ್ ಎರಡೂವರೆ ಮಾತ್ರ ಕೂರುತ್ತದೆ. ಕನಿಷ್ಠ ಎಂಟು ಬೇಕು. ಹಾಗಾಗಿ ಬ್ಲ್ಯಾಂಕ್ ಡೈ ಮೂಲೆಯನ್ನು ದಾಟುವ ಜಾಗದಲ್ಲೆಲ್ಲ 1 ಮಿ.ಮೀ. ಇಡಿ. ಸ್ಪ್ರಿಂಗ್‌ಬ್ಯಾಕ್ ಹುಟ್ಟುವುದು ದಪ್ಪದೊಳಗೆ ಉಳಿದ ಸ್ಟ್ರೆಸ್‌ನ ಏರುಪೇರಿನಿಂದ. ಅದನ್ನು ಹಿಡಿಯಲು 3 ಪಾಯಿಂಟ್ ಸಾಲದು. 7 ಕೊಡಿ, ಡಿಪಿ ಉಕ್ಕಿಗೆ 9 ಕೊಟ್ಟರೂ ನಷ್ಟವಿಲ್ಲ. ಸ್ಪ್ರಿಂಗ್‌ಬ್ಯಾಕ್ ನೋಡಬೇಕಾದ ಭಾಗಕ್ಕೆ ಎಲ್‌ಎಸ್-ಡೈನಾ ಸಾಫ್ಟ್‌ವೇರ್‌ನಲ್ಲಿ ಶೆಲ್ ಎಲಿಮೆಂಟ್‌ನ 2ನೇ ಬಗೆಯ ಬದಲು 16ನೇ ಬಗೆ ಬಳಸಿ.

ಇದಾದ ಮೇಲೂ ವ್ಯತ್ಯಾಸ ಉಳಿದರೆ ಮೆಟೀರಿಯಲ್ ಕಾರ್ಡ್ (ಉಕ್ಕಿನ ಗುಣಗಳನ್ನು ಸಾಫ್ಟ್‌ವೇರ್‌ಗೆ ಕೊಡುವ ದತ್ತಾಂಶ) ನೋಡಬೇಕು. ನಮ್ಮ ಮಟ್ಟಿಗೆ ಇದೇ ನಿಜವಾದ ಪ್ರಶ್ನೆ. ಡೈ ಮೂಲೆಯಲ್ಲಿ ತಗಡು ಬಾಗುತ್ತದೆ, ಗೋಡೆಗೆ ಬಂದಾಗ ಮತ್ತೆ ನೇರವಾಗುತ್ತದೆ. ಹಿಮ್ಮುಖ ಲೋಡ್ ಬಂದಾಗ ಉಕ್ಕು ಮೊದಲಿಗಿಂತ ಕಡಿಮೆ ಸ್ಟ್ರೆಸ್‌ನಲ್ಲೇ ಯೀಲ್ಡ್ ಆಗುತ್ತದೆ, ಅಂದರೆ ಶಾಶ್ವತವಾಗಿ ರೂಪ ಬದಲಿಸತೊಡಗುತ್ತದೆ. ಇದು ಬೌಶಿಂಗರ್ ಪರಿಣಾಮ. ಉಕ್ಕು ಎಲ್ಲ ದಿಕ್ಕಿಗೂ ಸಮನಾಗಿ ಗಟ್ಟಿಯಾಗುತ್ತದೆ ಎನ್ನುವ ಐಸೋಟ್ರೋಪಿಕ್ ಹಾರ್ಡನಿಂಗ್ ಮಾದರಿಗೆ ಇದು ಕಾಣುವುದೇ ಇಲ್ಲ, ಆದ್ದರಿಂದ ಗೋಡೆಯ ಬಾಗು ನಂಬಲಾಗದು. ಈ ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಯೋಶಿದಾ-ಉಎಮೋರಿ ಮಾದರಿ ಬೇಕು, ಅದಕ್ಕೆ ಎಳೆತ-ಒತ್ತುವಿಕೆ ಪರೀಕ್ಷೆಯ ದತ್ತಾಂಶ ಬೇಕು. ಬರೀ ಎಳೆತದ ಪರೀಕ್ಷೆಯಿಂದ ಆ ಸ್ಥಿರಾಂಕಗಳನ್ನು ಊಹಿಸಬೇಡಿ.

ಇನ್ನೊಂದು: ಕೆಲವೇ ಶೇಕಡಾ ಪ್ಲಾಸ್ಟಿಕ್ ಸ್ಟ್ರೈನ್ (ಶಾಶ್ವತ ವಿರೂಪ) ಆದ ಮೇಲೆ ಡಿಪಿ ಉಕ್ಕಿನ ಯಂಗ್ಸ್ ಮಾಡ್ಯುಲಸ್ (ಬಿಗಿತದ ಅಳತೆ) ಶೇ 15–20ರಷ್ಟು ಇಳಿಯುತ್ತದೆ. 207 ಗಿಗಾಪ್ಯಾಸ್ಕಲ್ ಎಂದೇ ಬಿಟ್ಟರೆ ಸ್ಪ್ರಿಂಗ್‌ಬ್ಯಾಕ್ ಕಡಿಮೆ ತೋರುತ್ತದೆ. ಆದರೆ ಶೇ 20 ಇಳಿಸಿದರೂ ನಿಮ್ಮ 4 ಡಿಗ್ರಿ 5ರ ಆಸುಪಾಸಿಗೆ ಬರುತ್ತದೆ, ಅಷ್ಟೇ. ಆದ್ದರಿಂದ ಮಾಡ್ಯುಲಸ್ ಒಂದನ್ನೇ ತಿರುಚಿ 8 ಬರಿಸಿಕೊಳ್ಳುವುದು ಬೇಡ. ಮುಂದಿನ ಭಾಗದಲ್ಲಿ ಅದು ಕೈಕೊಡುತ್ತದೆ.

ಪ್ರಶ್ನೆ: ಸಮಯ ಉಳಿಸಲು ಮಾಸ್ ಸ್ಕೇಲಿಂಗ್ (ಲೆಕ್ಕದಲ್ಲಿ ತಗಡಿನ ಮಾಸ್ ಅನ್ನು ಕೃತಕವಾಗಿ ಏರಿಸುವುದು) ಹೆಚ್ಚಿಸಿದೆ. ಫ್ಲ್ಯಾಂಜ್‌ನಲ್ಲಿ (ಅಂಚಿನ ಚಪ್ಪಟೆ ಭಾಗ) ನಿಜದಲ್ಲಿ ಇಲ್ಲದ ಸುಕ್ಕುಗಳು ಬಂದವು.

ಉತ್ತರ: ಮಾಸ್ 100 ಪಟ್ಟು ಹೆಚ್ಚಿಸಿದರೆ ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಸಮಯ) 10 ಪಟ್ಟು ಮಾತ್ರ ಬೆಳೆಯುತ್ತದೆ, ಜಡತ್ವವಾದರೋ ಪೂರ್ತಿ 100 ಪಟ್ಟು. ಸುಕ್ಕು ಬರುವುದು ಆ ಜಡತ್ವದಿಂದ. ಮೊದಲ ಕೆಲವು ಮಿಲಿಸೆಕೆಂಡ್ ಬಿಟ್ಟು ಕೈನೆಟಿಕ್ ಎನರ್ಜಿ ಇಂಟರ್ನಲ್ ಎನರ್ಜಿಯ ಶೇ 5 ದಾಟಬಾರದು. ಪಂಚ್ ವೇಗ 2 ಮೀ/ಸೆ. ಸುತ್ತ ಇರಲಿ, ಶುರುವಿನಲ್ಲಿ ನಿಧಾನವಾಗಿ ಏರಿಸಿ. ಸ್ಪ್ರಿಂಗ್‌ಬ್ಯಾಕ್ ಹಂತವನ್ನು ಇಂಪ್ಲಿಸಿಟ್‌ನಲ್ಲೇ (ಬಲಗಳ ಸಮತೋಲನವನ್ನು ನೇರವಾಗಿ ಹುಡುಕುವ ಲೆಕ್ಕ) ಮಾಡಿ, 3 ನೋಡ್‌ಗಳಲ್ಲಿ (ಎಲಿಮೆಂಟ್‌ಗಳ ಮೂಲೆ ಬಿಂದು) ಒಟ್ಟು 6 ಚಲನೆಗಳನ್ನಷ್ಟೇ ತಡೆಯಿರಿ. ಹೆಚ್ಚು ಕಟ್ಟಿದರೆ ಭಾಗ ಬಿಡುಗಡೆಯೇ ಆಗುವುದಿಲ್ಲ.

ಪ್ರಶ್ನೆ: ಎಫ್‌ಎಲ್‌ಡಿಯಲ್ಲಿ (ತಗಡು ಎಷ್ಟು ಹಿಗ್ಗಿದರೆ ಸೀಳುತ್ತದೆ ಎಂದು ತೋರುವ ನಕ್ಷೆ) ಎಲ್ಲ ಬಿಂದುಗಳೂ ಹಸಿರು, ಅಂದರೆ ಸುರಕ್ಷಿತ. ಆದರೂ ತೂತಿನ ಅಂಚು ಸೀಳಿತು.

ಉತ್ತರ: ಆ ನಕ್ಷೆಯ ಎಫ್‌ಎಲ್‌ಸಿ ಎಂಬ ಮಿತಿ ಗೆರೆ ತಗಡಿನ ಒಳಭಾಗಕ್ಕೆ, ನೇರ ಸ್ಟ್ರೈನ್ ಹಾದಿಗೆ ಅಳೆದದ್ದು. ಕತ್ತರಿಸಿದ ಅಂಚು ಆಗಲೇ ಹಾನಿಗೊಂಡಿರುತ್ತದೆ. ಅದರ ಮಿತಿ ಬೇಕೆಂದರೆ 10 ಮಿ.ಮೀ. ತೂತು, 60 ಡಿಗ್ರಿ ಶಂಕು ಪಂಚ್ ಬಳಸುವ ಹೋಲ್ ಎಕ್ಸ್‌ಪ್ಯಾನ್ಶನ್ ಪರೀಕ್ಷೆ ಮಾಡಿಸಿ. ತುರ್ತಿಗೆ ಬರ್ (ಕತ್ತರಿಸಿದ ಅಂಚಿನ ಚೂಪು ಮುಳ್ಳು) ಇರುವ ಬದಿ ಪಂಚ್ ಕಡೆ ಬರುವಂತೆ ಬ್ಲ್ಯಾಂಕ್ ತಿರುಗಿಸಿ ನೋಡಿ, ಕತ್ತರಿಸುವ ಡೈನ ಕ್ಲಿಯರೆನ್ಸ್ (ಪಂಚ್-ಡೈ ನಡುವಿನ ಅಂತರ) ದಪ್ಪದ ಶೇ 12ರ ಹತ್ತಿರ ಇದೆಯೇ ಅಳೆಯಿರಿ.