ಬ್ಲೂಟೂತ್ ಗೇಮಿಂಗ್ ಹೆಡ್‌ಸೆಟ್ ಕೇಳಿದ ತಮ್ಮನಿಗೆ: ಮೊದಲು ಆ ಆರ್ಡರ್ ನಿಲ್ಲಿಸು

ತಮ್ಮಾ, ಆ ಆರ್ಡರ್ ಇನ್ನೂ ಹೊರಟಿಲ್ಲ ಅಂದರೆ ಈಗಲೇ ಕ್ಯಾನ್ಸಲ್ ಮಾಡು. ಗುಂಪಿನಲ್ಲಿ ನೀನು ಬರೆದದ್ದನ್ನು ಪೂರ್ತಿ ಓದಿದೆ. ಬಜೆಟ್ ನಾಲ್ಕು ಸಾವಿರ. ಫೋನಿನಲ್ಲಿ ಬಿಜಿಎಂಐ, ಲ್ಯಾಪ್‌ಟಾಪಿನಲ್ಲಿ ವ್ಯಾಲೊರಂಟ್ ಗೇಮ್, ಡಿಸ್ಕಾರ್ಡ್ ಆ್ಯಪಿನಲ್ಲಿ ಗೆಳೆಯರ ಜೊತೆ ಮಾತು, ಮಲಗುವ ಮುಂಚೆ ಹಿಂದೂಸ್ತಾನಿ ಸಂಗೀತ. ಇಷ್ಟಕ್ಕೂ ಒಂದೇ ಬ್ಲೂಟೂತ್ ಹೆಡ್‌ಸೆಟ್, ಅದೂ 7.1 ಸರೌಂಡ್ (ಸುತ್ತಲಿಂದ ಬರುವಂಥ ಸದ್ದು), 50 ಎಂಎಂ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್), ಬಣ್ಣದ ಲೈಟು. ಕೆಳಗೆ ನಾಲ್ಕಾರು ಜನ "ಸೂಪರ್, ತಗೋ" ಅಂದುಬಿಟ್ಟಿದ್ದಾರೆ. ಇಂಥದೇ ಸೆಟ್ ಇಟ್ಟುಕೊಂಡು ಒಂದು ಬೇಸಿಗೆ ಪೂರ್ತಿ ಒದ್ದಾಡಿದವನು ನಾನು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮುಖ್ಯ ತೊಂದರೆ ಮೈಕ್. ಹಾಡು ಕೇಳುವಾಗ ಎಲ್ಲ ಚೆನ್ನಾಗಿಯೇ ಇತ್ತು. ಡಿಸ್ಕಾರ್ಡ್ ತೆಗೆದು ಕಾಲ್ ಸೇರಿದ ತಕ್ಷಣ ಕಿವಿಯಲ್ಲಿ ಸಣ್ಣ "ಟಕ್" ಸದ್ದು, ಆಮೇಲೆ ಗೇಮಿನ ಸದ್ದೆಲ್ಲ ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಬಂದ ಹಾಗೆ. ಎಡ ಬಲ ಗೊತ್ತಾಗುವುದಿಲ್ಲ. ಹಿಂದಿನಿಂದ ಯಾರೋ ಓಡಿ ಬರುತ್ತಿದ್ದಾರೆ ಅಂತ ಅನಿಸುತ್ತದೆ, ಯಾವ ಕಡೆ ಅಂತ ತಿಳಿಯುವುದರೊಳಗೆ ಗುಂಡು ತಿಂದು ನಾಕ್. ಲ್ಯಾಪ್‌ಟಾಪಿನ ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ, ಹೆಡ್‌ಸೆಟ್ಟಿಗೆ ಹೊಸ ಫರ್ಮ್‌ವೇರ್ ಹಾಕಿದೆ, ಅಂಗಡಿಯವರು ಪೀಸ್ ಕೂಡ ಬದಲಿಸಿ ಕೊಟ್ಟರು. ಎರಡನೆಯದೂ ಅದೇ ಕಥೆ. ಏಕೆಂದರೆ ಅದು ಪೀಸಿನ ದೋಷ ಅಲ್ಲವೇ ಅಲ್ಲ, ಬ್ಲೂಟೂತ್ ಇರುವುದೇ ಹಾಗೆ. ಬರೀ ಕೇಳುವಾಗ ಎ2ಡಿಪಿ, ಅಂದರೆ ಸ್ಟೀರಿಯೊ. ಮೈಕ್ ಆನ್ ಆಯಿತೋ, ಎಚ್‌ಎಫ್‌ಪಿ ಅನ್ನುವ ಕಾಲ್ ಮೋಡಿಗೆ ಇಳಿಯುತ್ತದೆ. ಅಲ್ಲಿ ಮೊನೊ ಮಾತ್ರ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದದ್ದು 16,000ಕ್ಕೆ ಬರುತ್ತದೆ, ಹಳೇ ಸೆಟ್ ಆದರೆ 8,000ಕ್ಕೆ. 16,000 ಅಂದರೆ 8 ಕಿಲೋಹರ್ಟ್ಜ್‌ಗಿಂತ ಮೇಲಿನ ಸದ್ದೇ ಇಲ್ಲ. ಬರೀ ದುಡ್ಡು ಜಾಸ್ತಿ ಸುರಿದರೆ ಇದು ಸುಧಾರಿಸುವುದಿಲ್ಲ. ಬ್ಲೂಟೂತಿನ ಹೊಸ ಪದ್ಧತಿ ಎಲ್‌ಇ ಆಡಿಯೊ ಬಂದ ಮೇಲೆ ಇದಕ್ಕೆ ದಾರಿ ಆಗಿದೆ ನಿಜ, ಆದರೆ ಹೆಡ್‌ಸೆಟ್, ಫೋನ್, ಲ್ಯಾಪ್‌ಟಾಪ್ ಎಲ್ಲದರಲ್ಲೂ ಅದು ಇರಬೇಕು. ನಿನ್ನ ಬಜೆಟ್ಟಿನಲ್ಲಿ ಅದನ್ನು ನಂಬಿ ಕೂರಬೇಡ.

ಸದ್ದು ತಡ ಆಗಿ ಬರುವುದು ಬೇರೆ. ಬ್ಲೂಟೂತಿನಲ್ಲಿ ಸದ್ದು ಕಳಿಸುವ ಸಾಮಾನ್ಯ ಕೋಡೆಕ್‌ಗಳಾದ ಎಸ್‌ಬಿಸಿ, ಎಎಸಿ ಮೇಲೆ 150ರಿಂದ 250 ಮಿಲಿಸೆಕೆಂಡ್ ಸಾಮಾನ್ಯ. ಗೇಮ್ ಮೋಡ್ ಹಾಕಿದರೆ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. 2.4 ಗಿಗಾಹರ್ಟ್ಜ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ಇರುವ ವೈರ್‌ಲೆಸ್ ಸೆಟ್ ಬೇರೆ ಮಾತು, ಅದರಲ್ಲಿ ಈ ಎರಡೂ ತೊಂದರೆ ಇಲ್ಲ. ಅದು ಬೇಕಂದರೆ ಲಾಜಿಟೆಕ್ ಜಿ435 ನೋಡು, 165 ಗ್ರಾಂ ಅಷ್ಟೇ, ತಲೆ ಮೇಲೆ ಭಾರ ಅನಿಸುವುದಿಲ್ಲ. ಆದರೆ ಮೈಕ್ ಸುಮಾರು. ಡಾಂಗಲನ್ನು ನೀಲಿ ಯುಎಸ್‌ಬಿ 3 ಪೋರ್ಟಿಗೆ, ಅದೂ ಹಾರ್ಡ್ ಡಿಸ್ಕ್ ಪಕ್ಕದಲ್ಲಿ ಚುಚ್ಚಬೇಡ. ಯುಎಸ್‌ಬಿ 3ರ ಗದ್ದಲ ಅದೇ 2.4ರ ಪಟ್ಟಿಯಲ್ಲಿ ಬರುತ್ತದೆ, ಸದ್ದು ಕಡಿದು ಕಡಿದು ಬರುತ್ತದೆ. ಮೋಟುದ್ದ ಎಕ್ಸ್‌ಟೆನ್ಶನ್ ವೈರ್ ಹಾಕಿ ದೂರ ಇಟ್ಟರೆ ಸರಿಹೋಗುತ್ತದೆ.

ಈಗಾಗಲೇ ಬ್ಲೂಟೂತ್ ತಗೊಂಡಿರುವವರೂ ಈ ಗುಂಪಿನಲ್ಲಿ ಇದ್ದೀರಿ. ಎಸೆಯಬೇಡಿ. ಡಿಸ್ಕಾರ್ಡಿನ ಇನ್‌ಪುಟ್ಟಿನಲ್ಲಿ ಹೆಡ್‌ಸೆಟ್ ಬಿಟ್ಟು ಲ್ಯಾಪ್‌ಟಾಪಿನದೇ ಮೈಕ್ ಆರಿಸಿ, ವ್ಯಾಲೊರಂಟ್ ವಾಯ್ಸ್ ಸೆಟ್ಟಿಂಗಿನಲ್ಲೂ ಅದೇ ಮಾಡಿ. ಸ್ಟೀರಿಯೊ ವಾಪಸ್ ಬರುತ್ತದೆ. ಆಂಡ್ರಾಯ್ಡಿನಲ್ಲಿ ಆ ಸೆಟ್ಟಿನ ಬ್ಲೂಟೂತ್ ಸೆಟ್ಟಿಂಗ್ ಒಳಗೆ ಫೋನ್ ಕಾಲ್ ಅನ್ನುವ ಬಟನ್ ಆಫ್ ಮಾಡಿ. ಆಗ ಫೋನಿನ ಮೈಕೇ ಕೆಲಸ ಮಾಡುತ್ತದೆ.

ನಿನಗೆ ನಾನು ಹೇಳುವುದು ಒಂದೇ. ಹೆಡ್‌ಫೋನ್ ಬೇರೆ, ಮೈಕ್ ಬೇರೆ ತಗೋ. ನಾಲ್ಕು ಸಾವಿರಕ್ಕೆ "ಗೇಮಿಂಗ್" ಅಂತ ಬರೆದ ಸೆಟ್ಟಿನಲ್ಲಿ ಅರ್ಧ ರೊಕ್ಕ ಲೈಟಿಗೆ, ಡಬ್ಬಿಗೆ ಹೋಗಿರುತ್ತದೆ. ನನ್ನ ಟೇಬಲ್ ಮೇಲೆ ಇರುವುದು ಇಷ್ಟು: ವೈರ್ ಇರುವ ಹೆಡ್‌ಫೋನ್, ಅದನ್ನು ಟೈಪ್-ಸಿ ತೂತಿಗೆ ಜೋಡಿಸುವ ಟೈಪ್-ಸಿ ಡಾಂಗಲ್, ಕಾಲರಿಗೆ ಸಿಗಿಸುವ ಬೋಯಾ ಬಿವೈ-ಎಂ1. ಯೂಟ್ಯೂಬ್ ಮಾಡುವ ಎಷ್ಟೋ ಜನ ಬಳಸುವ ಅದೇ ಮೈಕ್. ಹೆಡ್‌ಫೋನ್ ಡಾಂಗಲಿಗೆ, ಮೈಕ್ ಲ್ಯಾಪ್‌ಟಾಪಿನ 3.5 ಎಂಎಂ ಆಡಿಯೊ ತೂತಿಗೆ. ಯಾವ ಸಾಮಾನು ಚುಚ್ಚಿದೆ ಅಂತ ವಿಂಡೋಸ್ ಕೇಳಿದರೆ ಹೆಡ್‌ಸೆಟ್ ಅನ್ನು, ಹೆಡ್‌ಫೋನ್ ಅಂದರೆ ಮೈಕ್ ಸಿಗುವುದಿಲ್ಲ. ಬೋಯಾದ ಸ್ವಿಚ್ ಸ್ಮಾರ್ಟ್‌ಫೋನ್ ಕಡೆ ಇರಲಿ. ವೈರ್ 6 ಮೀಟರ್ ಉದ್ದ, ಸುತ್ತಿ ರಬ್ಬರ್ ಹಾಕಿ ಇಡು, ಇಲ್ಲದಿದ್ದರೆ ಕುರ್ಚಿಯ ಚಕ್ರಕ್ಕೆ ಸಿಕ್ಕಿ ಹರಿಯುತ್ತದೆ. ಇನ್ನೊಂದು, ಅದು ಸುತ್ತಲಿನ ಸದ್ದೆಲ್ಲ ಎಳೆಯುವ ಮೈಕ್. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಕೂಲರ್ ಹಾಕದೆ ಕೂರುವುದು ಸಾಧ್ಯವೇ ಇಲ್ಲ, ಅಲ್ವಾ? ಕೂಲರಿಗೆ ಬೆನ್ನು ಮಾಡಿ ಕೂತು, ಮೈಕನ್ನು ಗದ್ದದ ಕೆಳಗೆ ಒಂದು ಗೇಣು ದೂರಕ್ಕೆ ಸಿಗಿಸು. ಡಿಸ್ಕಾರ್ಡಿನ ನಾಯ್ಸ್ ಸಪ್ರೆಶನ್ ಆನ್ ಇರಲಿ. ಮೈಕ್ ಗೇನ್ ಪೂರ್ತಿ ಏರಿಸಿ ಕೂರುವವರ ಕಾಟ ಸಾಕಾಗಿದೆ. ನೀವು ಉಸಿರಾಡುವುದು ನಮಗೆ ಕೇಳಬೇಕಾಗಿಲ್ಲ.

ಡಾಂಗಲ್ ಬಗ್ಗೆ ಹುಷಾರ್. ನೂರು ರೂಪಾಯಿಯ ಟೈಪ್-ಸಿ ಕನ್ವರ್ಟರ್ ಎಲ್ಲ ಫೋನಿನಲ್ಲಿ ನಡೆಯುವುದಿಲ್ಲ, ಒಳಗೆ ಡ್ಯಾಕ್ (ಡಿಜಿಟಲ್ ಸದ್ದನ್ನು ಹೆಡ್‌ಫೋನಿಗೆ ಬೇಕಾದಂತೆ ಬದಲಿಸುವ ಚಿಪ್) ಇರುವುದನ್ನೇ ಕೇಳಿ ತಗೋ. ಆಪಲ್‌ನ ಟೈಪ್-ಸಿ ಡಾಂಗಲ್ ಲ್ಯಾಪ್‌ಟಾಪಿಗೆ ಭಾಳ ಚೆನ್ನಾಗಿದೆ. ಆದರೆ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಾಲ್ಯೂಮ್ ಏರುವುದೇ ಇಲ್ಲ.

ಇನ್ನು ಹೆಡ್‌ಫೋನ್. 50 ಎಂಎಂ ಅಂದರೆ ದೊಡ್ಡದು, ದೊಡ್ಡದಾದರೆ ಒಳ್ಳೆಯದು ಅಂತ ಯಾರು ಹೇಳಿದ್ದು? 1991ರಿಂದ ಸ್ಟುಡಿಯೋಗಳಲ್ಲಿ ಓಡುತ್ತಿರುವ ಸೋನಿ ಎಂಡಿಆರ್-7506 ಒಳಗೆ ಇರುವುದು 40 ಎಂಎಂ. ನಿನ್ನ ಬಜೆಟ್ಟಿನಲ್ಲಿ ಆಡಿಯೊ-ಟೆಕ್ನಿಕಾ ಎಂ20ಎಕ್ಸ್ ರಿಯಾಯಿತಿಯಲ್ಲಿ ಸಿಕ್ಕರೆ ಕಣ್ಣುಮುಚ್ಚಿ ತಗೋ. ಅದರ ವಿದ್ಯುತ್ ಅಡ್ಡಿ 47 ಓಮ್ ಅಷ್ಟೇ, ಫೋನಿನ ಡಾಂಗಲ್ಲೂ ಅದನ್ನು ಎಳೆಯುತ್ತದೆ. ಅದರ ವೈರ್ ಬಿಚ್ಚಲು ಬರುವುದಿಲ್ಲ, ಅದೊಂದೇ ನನ್ನ ತಕರಾರು. ಬೇರೆ ಮೈಕಿನ ರಗಳೆ ಬೇಡವೇ ಬೇಡ ಅಂದರೆ ಇನ್ನಷ್ಟು ರೊಕ್ಕ ಕೂಡಿಸಿ ಹೈಪರ್‌ಎಕ್ಸ್ ಕ್ಲೌಡ್ 2 ತಗೋ. ಹಳೇ ಮಾಡೆಲ್, ಗಟ್ಟಿ, ಮೈಕ್ ಬಿಚ್ಚಿಡಬಹುದು, ಮಖಮಲ್ ಪ್ಯಾಡ್ ಜೊತೆಗೇ ಬರುತ್ತದೆ. ನಮ್ಮ ಬಿಸಿಲಿಗೆ ಆ ಪ್ಯಾಡ್ ದೊಡ್ಡ ಅನುಕೂಲ. ರೆಗ್ಜಿನ್ ಪ್ಯಾಡ್ ಬೆವರಿಗೆ ಸುಲಿದು, ಕಪ್ಪು ಚೂರು ಕಿವಿಗೆ, ಕೊರಳಿಗೆ ಅಂಟುತ್ತದೆ. ಓಪನ್ ಬ್ಯಾಕ್, ಅಂದರೆ ಕಪ್ಪಿನ ಹಿಂಬದಿ ತೆರೆದಿರುವುದು ತಗೋ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಸಂಗೀತಕ್ಕೆ ಅದರಷ್ಟು ಚಂದ ಬೇರೆ ಇಲ್ಲ, ಒಪ್ಪುತ್ತೇನೆ. ಕೂಲರ್ ಓಡುವ ಕೋಣೆಯಲ್ಲಿ ಮಾತ್ರ ಬೇಡ, ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ. 250 ಓಮಿನ ಬೇಯರ್‌ಡೈನಾಮಿಕ್ ತಂದು ಫೋನಿಗೆ ಚುಚ್ಚಿ "ಸದ್ದೇ ಇಲ್ಲ" ಅನ್ನುವುದೂ ಬೇಡ.

ಬೇಸಿಗೆಗೆ ನನ್ನ ಕಿವಿಯಲ್ಲಿ ಇರುವುದು ವೈರ್ ಐಇಎಂ, ಅಂದರೆ ಕಿವಿಯೊಳಗೆ ಕೂರುವ ಇಯರ್‌ಫೋನ್. ಎರಡು ಸಾವಿರದ ಆಚೀಚೆ ಮೂನ್‌ಡ್ರಾಪ್ ಚು 2 ಅಥವಾ ಕೆಝಡ್‌ನಲ್ಲಿ ಮೈಕ್ ಇರುವುದು ಸಿಗುತ್ತದೆ. ಬಿಜಿಎಂಐಗೆ ಇದೇ ಸಾಕು, ನಿಜ ಹೇಳುತ್ತೇನೆ. ಕಿವಿ ಬೇಯುವುದಿಲ್ಲ, ವೈರ್ ಹೋದರೆ ವೈರ್ ಮಾತ್ರ ಬದಲಿಸಬಹುದು. ರಬ್ಬರ್ ಟಿಪ್ ಸರಿಯಾಗಿ ಕೂತರೆ ಹೊರಗಿನ ಸದ್ದು ನಿಲ್ಲುತ್ತದೆ, ವಾಲ್ಯೂಮ್ ಏರಿಸುವ ಪ್ರಮೇಯವೇ ಇಲ್ಲ. ಇದು ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 40 ಗಂಟೆಗೆ 80 ಡೆಸಿಬಲ್. 90ಕ್ಕೆ ಹೋದರೆ ವಾರಕ್ಕೆ 4 ಗಂಟೆ ಮಾತ್ರ. ಕೂಲರ್ ಸದ್ದನ್ನು ಮೀರಿಸಲು ವಾಲ್ಯೂಮ್ ತಿರುಗಿಸುತ್ತಾ ಹೋದರೆ ಎಷ್ಟಕ್ಕೆ ಮುಟ್ಟಿದೆ ಅಂತ ನಿನಗೇ ತಿಳಿಯುವುದಿಲ್ಲ. ಕಿವಿಯಲ್ಲಿ "ಗುಂಯ್" ಶುರುವಾದ ಮೇಲೆ ಯಾವ ಬ್ರ್ಯಾಂಡೂ ಕೆಲಸಕ್ಕೆ ಬರುವುದಿಲ್ಲ.

7.1 ಅನ್ನುವುದು ನಿನ್ನ ಸೆಟ್ಟಿನಲ್ಲಿ ಸಾಫ್ಟ್‌ವೇರ್ ಮಾತ್ರ, ಡ್ರೈವರ್ ಇರುವುದು ಎರಡೇ. ವ್ಯಾಲೊರಂಟಿನ ಆಡಿಯೊ ಸೆಟ್ಟಿಂಗಿನಲ್ಲಿ ಎಚ್‌ಆರ್‌ಟಿಎಫ್ ಇದೆ (ಸದ್ದು ಯಾವ ಕಡೆಯದು ಅಂತ ಹೆಡ್‌ಫೋನಿನಲ್ಲೇ ತೋರಿಸುವುದು), ಅದನ್ನು ಆನ್ ಮಾಡಿ ಉಳಿದದ್ದೆಲ್ಲ ಆಫ್ ಮಾಡು. ಎರಡು ಸರೌಂಡ್ ಒಂದರ ಮೇಲೊಂದು ಬಿದ್ದರೆ ಹೆಜ್ಜೆ ಸದ್ದು ಕಲಸಿಹೋಗುತ್ತದೆ. ಹಾಡಿಗೆ ಅಂತೂ 7.1 ಹಾಕಲೇಬೇಡ. ಮಲ್ಲಿಕಾರ್ಜುನ ಮನ್ಸೂರರ ಹಳೇ ಮೊನೊ ಧ್ವನಿಮುದ್ರಣವನ್ನು ಅದರಲ್ಲಿ ಕೇಳಿ ನೋಡು, ಎಲ್ಲೋ ಕಲ್ಯಾಣ ಮಂಟಪದಲ್ಲಿ ಕೂತು ಹಾಡಿದಂತೆ ಆಗುತ್ತದೆ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರವೇ ಕಳೆದುಹೋಗುತ್ತದೆ, ಹಾಗೆ ಕೇಳುವುದು ಹಾಡಿದವರಿಗೆ ಮಾಡುವ ಅನ್ಯಾಯ.

ಕೊಳ್ಳುವ ಮುಂಚೆ ಕೇಳಿ ನೋಡಲು ಈ ತಂಬೂರಿಯೇ ಒಳ್ಳೆ ಪರೀಕ್ಷೆ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಅಂಗಡಿಗೆ ಹೋದರೆ ನಿನ್ನ ಫೋನ್, ನಿನ್ನ ಹಾಡು ತಗೊಂಡು ಹೋಗು. ಅವರು ಹಾಕುವ ಡಿಜೆ ಹಾಡಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ತಂಬೂರಿಯ ತಂತಿ ಒಂದೊಂದೂ ಬೇರೆ ಕೇಳಬೇಕು. ತಬಲಾದ ಡಗ್ಗಾ ಒತ್ತಿ ಎಳೆದಾಗ ಸ್ವರ ಏರುವುದು ಗೊತ್ತಾಗಬೇಕು, ಸುಮ್ನೆ "ಧುಂ" ಅಂದರೆ ಅದು ಬೇಸ್ ಅಲ್ಲ, ಗದ್ದಲ. ಬೋಟ್ ಕಂಪನಿಯ ಸೆಟ್ಟುಗಳು ನನಗೆ ಹಿಡಿಸದಿರುವುದು ಇದಕ್ಕೇ, ಬೇಸ್ ಜಾಸ್ತಿ ಮಾಡಿ ಹಾಡುವವರ ಗಂಟಲನ್ನೇ ಮುಚ್ಚುತ್ತವೆ. ಕನ್ನಡಕ ಇದ್ದರೆ ಹಾಕಿಕೊಂಡೇ ಹತ್ತು ನಿಮಿಷ ಕೂರು. ಹೈದರಾಬಾದಿಗೆ ಹೋಗುವವರಿದ್ದರೆ ಸಿಕಂದರಾಬಾದಿನ ಸಿಟಿಸಿ (ಚೆನಾಯ್ ಟ್ರೇಡ್ ಸೆಂಟರ್) ಅಂಗಡಿಗಳಲ್ಲಿ ಒಂದು ಸುತ್ತು ಹಾಕಿಸು, ಆದರೆ ಬಿಲ್ ಇಲ್ಲದೆ ತರಬೇಡ. ಹೆಸರಾದ ಮಾಡೆಲ್ಲುಗಳ ನಕಲಿ ಭಾಳ ಓಡಾಡುತ್ತಿವೆ. ಸರ್ವಿಸ್ ಎಲ್ಲಿ ಅಂತಲೂ ಮೊದಲೇ ಕೇಳಿಟ್ಟುಕೋ.

ಇನ್ನೊಂದು ಮರೆತಿದ್ದೆ. ಚಾರ್ಜರ್ ಹಾಕಿದಾಗ "ಜುಂಯ್" ಬರುತ್ತದೆ ಅಂತ ಬರೆದಿದ್ದೀಯಲ್ಲ, ಅದು ಹೆಡ್‌ಫೋನ್ ದೋಷ ಆಗಿರಲಿಕ್ಕಿಲ್ಲ. ಚಾರ್ಜರ್ ಕಿತ್ತು ನೋಡು. ಸದ್ದು ನಿಂತರೆ ಮನೆಯ ಅರ್ಥಿಂಗ್ ನೋಡಿಸು. ಉಪ್ಪು, ಇದ್ದಿಲು ಹಾಕಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ, ಆಗಾಗ ನೀರು ಹಾಕಬೇಕು. ಬೋರ್ಡ್ ಬಿಚ್ಚುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ನಿಗೆ ಬಿಡು, ನೀನು ಕೈ ಹಾಕಬೇಡ.

ಲ್ಯಾಪ್‌ಟಾಪಿನಲ್ಲಿ 3.5 ತೂತು ಒಂದೋ ಎರಡೋ ಅಂತ ಹಾಕು, ಪಕ್ಕದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಎರಡಿದ್ದರೆ ಬೋಯಾ ನೇರ ಚುಚ್ಚಿದರೆ ನಡೆಯದೆ ಇರಬಹುದು, ಮೈಕ್, ಹೆಡ್‌ಫೋನ್ ಬೇರೆ ಮಾಡುವ ವೈ ಸ್ಪ್ಲಿಟರ್ ಬೇಕಾಗಬಹುದು. ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ, ಭಾನುವಾರ ಬಂದರೆ ಕೊಡುತ್ತೇನೆ.