ಹಾರ್ನ್ ವಾದಕರ ಪ್ರಶ್ನೆಗಳು: ಕೃತಿಗಳ ಆಯ್ಕೆ, ಅಳವಡಿಕೆ ಮತ್ತು ವಾದ್ಯದ ಮಾರ್ಪಾಡು

ಪ್ರಶ್ನೆ: ನಾನು ಫ್ರೆಂಚ್ ಹಾರ್ನ್ ಕಲಿಯುತ್ತಿರುವ ವಿದ್ಯಾರ್ಥಿನಿ. ಬರುವ ವರ್ಷ ಪಿಯಾನೊ ಜೊತೆ ಒಂದು ಗಂಟೆಯ ಕಛೇರಿ ಕೊಡಬೇಕಾಗಿದೆ. ನನಗೆ ಪಾಠ ಹೇಳುವ ಇಬ್ಬರಲ್ಲಿ ಒಬ್ಬರು ಹಾರ್ನ್‌ಗಾಗಿಯೇ ಬರೆದ ಕೃತಿಗಳನ್ನು ಬಿಟ್ಟು ಬೇರೇನನ್ನೂ ನುಡಿಸಬಾರದು ಎನ್ನುತ್ತಾರೆ. ಇನ್ನೊಬ್ಬರು ಬಾಖ್‌ನ ಚೆಲ್ಲೊ ಕೃತಿಗಳನ್ನೂ ಶೂಬರ್ಟ್‌ನ ಹಾಡುಗಳನ್ನೂ ಧಾರಾಳವಾಗಿ ಸೇರಿಸಿಕೊಳ್ಳಲು ಹೇಳುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಬೆಂಗಳೂರು

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮೊದಲನೆಯವರ ನಿಯಮವನ್ನು ಅಕ್ಷರಶಃ ಪಾಲಿಸಹೊರಟರೆ ನಮ್ಮ ಕಛೇರಿಯಲ್ಲಿ ಉಳಿಯುವುದು ಬಹಳ ಕಡಿಮೆ. ಪಿಯಾನೊ ಜೊತೆ ಮೊಜಾರ್ಟ್‌ನ ಹಾರ್ನ್ ಕನ್ಚರ್ಟೊ ನುಡಿಸಿದರೆ ಅವರು ಬಹುಶಃ ಬೇಡವೆನ್ನಲಾರರು. ಆದರೆ ಗೆಳೆಯ ಯೋಸೆಫ್ ಲಾಯ್ಟ್‌ಗೆಬ್‌ಗಾಗಿ ಮೊಜಾರ್ಟ್ ಅವನ್ನು ಬರೆದದ್ದು ವಾದ್ಯವೃಂದದ ಜೊತೆ ನುಡಿಸಲು. ಈಗ ನಮ್ಮ ಕೈಯಲ್ಲಿರುವ ಪಿಯಾನೊ ರೂಪ ನಂತರದವರು ಮಾಡಿದ ಅಳವಡಿಕೆಯೇ.

ಇನ್ನೊಂದು ಸಂಗತಿಯನ್ನು ನಿಮ್ಮ ಗುರುಗಳ ಗಮನಕ್ಕೆ ತನ್ನಿ. ಬೀಥೋವನ್ 1800ರಲ್ಲಿ ಪುಂಟೊ ಎಂಬ ಹೆಸರಾಂತ ಹಾರ್ನ್ ವಾದಕನಿಗಾಗಿ ಸೊನಾಟಾ ಬರೆದು, ವಿಯೆನ್ನಾದಲ್ಲಿ ತಾನೇ ಪಿಯಾನೊ ಮುಂದೆ ಕುಳಿತು ಅವನ ಜೊತೆ ನುಡಿಸಿದ. ಆ ಸೊನಾಟಾ ಅಚ್ಚಾದಾಗ ಅದರ ಮೇಲೆ ಹಾರ್ನ್ ಅಥವಾ ಚೆಲ್ಲೊ ಎಂದೇ ಇತ್ತು. ಶೂಮನ್ 1849ರಲ್ಲಿ ರಚಿಸಿದ ಅಡಾಜಿಯೊ ಮತ್ತು ಅಲೆಗ್ರೊ ಕೃತಿಯನ್ನು ಚೆಲ್ಲೊ ಅಥವಾ ಪಿಟೀಲಿನಲ್ಲೂ ನುಡಿಸಬಹುದೆಂದು ಅಚ್ಚಾದ ಪ್ರತಿಯೇ ಹೇಳುತ್ತದೆ. ಬ್ರಾಮ್ಸ್‌ನ 1865ರ ಹಾರ್ನ್ ಟ್ರಿಯೊದಲ್ಲಿ ಹಾರ್ನ್‌ನ ಜಾಗದಲ್ಲಿ ಚೆಲ್ಲೊ ಅಥವಾ ವಯೋಲಾ ಕುಳಿತ ಉದಾಹರಣೆಗಳು ಬೇಕಾದಷ್ಟಿವೆ. ನಮ್ಮ ಭಂಡಾರದ ಮುಖ್ಯ ಕೃತಿಗಳನ್ನು ಚೆಲ್ಲೊ ವಾದಕರು ಅಷ್ಟು ಕಾಲದಿಂದ ತಮ್ಮದಾಗಿ ನುಡಿಸುತ್ತಿರುವಾಗ, ನಾವು ಅವರ ಒಂದೆರಡು ಕೃತಿಗಳನ್ನು ಎರವಲು ಪಡೆದರೆ ತಪ್ಪೇನೂ ಇಲ್ಲ.

ಹಾಗೆಂದು ಎಲ್ಲವೂ ಹಾರ್ನ್‌ಗೆ ಒಗ್ಗುತ್ತದೆ ಎಂದಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಉಸಿರೆಳೆದುಕೊಳ್ಳುವ ಜಾಗ ಆ ಸಂಗೀತದೊಳಗೇ ಇದೆಯೇ, ಅಥವಾ ನಾವು ಸಾಲಿನ ನಡುವೆ ಕತ್ತರಿ ಹಾಕಬೇಕೇ? ಬಾಖ್‌ನ ಮೊದಲ ಚೆಲ್ಲೊ ಸ್ವೀಟ್‌ನ (ನೃತ್ಯಗಳ ಸರಣಿಯ) ಆರಂಭದ ಭಾಗವಾದ ಪ್ರೆಲ್ಯೂಡ್ ಎಲ್ಲರಿಗೂ ಪ್ರಿಯವಾದದ್ದು, ಆದ್ದರಿಂದಲೇ ವಿದ್ಯಾರ್ಥಿಗಳು ಮೊದಲು ಅದರ ಮೇಲೆ ಕಣ್ಣು ಹಾಕುತ್ತಾರೆ. ಆದರೆ ಅದು ಬಿಲ್ಲಿನ ಎಳೆತಕ್ಕೆ ಬರೆದ, ಎಲ್ಲೂ ವಿರಾಮವಿಲ್ಲದೆ ಹರಿಯುವ ಸ್ವರಧಾರೆ. ಅದನ್ನು ಹಾರ್ನ್‌ನಲ್ಲಿ ನುಡಿಸುವವರು ಪ್ರತಿ ಕೆಲವು ಮಾತ್ರೆಗಳಿಗೊಮ್ಮೆ ಒಂದು ಸ್ವರವನ್ನು ನುಂಗಿ ಉಸಿರೆಳೆಯಬೇಕಾಗುತ್ತದೆ, ಮತ್ತು ಕೇಳುವವರ ಕಿವಿ ಸಂಗೀತವನ್ನು ಬಿಟ್ಟು ಆ ಉಸಿರನ್ನೇ ಹಿಂಬಾಲಿಸುತ್ತದೆ. ಅದರ ಬದಲು ಮೂರನೆಯ ಸ್ವೀಟ್‌ನ ಬುರೆಗಳನ್ನು ನೋಡಿ. ಅವು ಚಿಕ್ಕ ಚಿಕ್ಕ ನೃತ್ಯದ ಸಾಲುಗಳು, ಪ್ರತಿ ಸಾಲಿನ ಕೊನೆಯಲ್ಲಿ ಉಸಿರು ತಾನಾಗಿ ಬರುತ್ತದೆ. ವೆಂಡೆಲ್ ಹಾಸ್ ಮಾಡಿದ ಹಾರ್ನ್ ಅಳವಡಿಕೆ ಬಹುಕಾಲದಿಂದ ಬಳಕೆಯಲ್ಲಿದೆ, ಅದರಿಂದ ಆರಂಭಿಸಬಹುದು.

ಹಾಡುಗಳ ವಿಷಯದಲ್ಲಿ ಬೇರೆ ಎಚ್ಚರ ಬೇಕು. ಒಂದೇ ಮಟ್ಟಿನಲ್ಲಿ ನಾಲ್ಕು ಚರಣಗಳಿರುವ ಹಾಡಿನಲ್ಲಿ ಚರಣದಿಂದ ಚರಣಕ್ಕೆ ಬದಲಾಗುವುದು ಸಾಹಿತ್ಯ ಮಾತ್ರ. ಸಾಹಿತ್ಯ ಹೋದ ಮೇಲೆ ಕೇಳುಗರಿಗೆ ಉಳಿಯುವುದು ನಾಲ್ಕು ಸಲದ ಪುನರಾವೃತ್ತಿ. ಆದಿಯಿಂದ ಅಂತ್ಯದವರೆಗೆ ಮಟ್ಟೇ ಬೆಳೆಯುತ್ತ ಹೋಗುವ ಹಾಡನ್ನು ಆರಿಸಿಕೊಳ್ಳಿ.

ಕೃತಿಗಳ ಅನುಕ್ರಮ ಆಯ್ಕೆಯಷ್ಟೇ ಮುಖ್ಯ. ಒಂದು ಗಂಟೆಯ ಕಛೇರಿ ಎಂದರೆ ತುಟಿ ಒಂದು ಗಂಟೆ ದುಡಿಯಬೇಕೆಂದಲ್ಲ. ನಲವತ್ತು ನಿಮಿಷ ನುಡಿಸಿದರೆ ಧಾರಾಳವಾಯಿತು, ನಡುವೆ ಪಿಯಾನೊ ವಾದಕರಿಗೆ ಒಂದು ಬಿಡಿ ಕೃತಿಯನ್ನು ಬಿಟ್ಟುಕೊಡಿ. ಬೀಥೋವನ್ ಸೊನಾಟಾದಿಂದ ಆರಂಭಿಸಿ. ಶೂಮನ್‌ನ ಕೃತಿ ಹತ್ತು ನಿಮಿಷದ ಒಳಗೇ ಮುಗಿದರೂ ಅದರ ನಿಧಾನದ ಭಾಗ ತುಟಿಗೆ ವಿಶ್ರಾಂತಿಯನ್ನೇ ಕೊಡುವುದಿಲ್ಲ, ಅದರ ಬೆನ್ನಿಗೇ ಬರುವ ವೇಗದ ಭಾಗ ಮೇಲಕ್ಕೂ ಕೆಳಕ್ಕೂ ನೆಗೆಯುತ್ತದೆ. ಆದ್ದರಿಂದ ಅದನ್ನು ಕಛೇರಿಯ ಮೊದಲರ್ಧದಲ್ಲೇ ಮುಗಿಸಿ, ಕೊನೆಗೆ ಉಳಿಸಿಕೊಳ್ಳಬೇಡಿ. ಎರಡನೆಯ ಅರ್ಧಕ್ಕೆ ಬಾಖ್‌ನ ಬುರೆಗಳು, ಆಮೇಲೆ ಡ್ಯೂಕಾನ ವಿಲನೆಲ್. 1906ರ ಆ ಕೃತಿಯ ಆರಂಭವನ್ನು ವಾಲ್ವ್‌ಗಳನ್ನು (ಬೆರಳಿನಿಂದ ಒತ್ತಿ ಕೊಳವೆಯ ಉದ್ದ ಬದಲಾಯಿಸುವ ಭಾಗಗಳನ್ನು) ಮುಟ್ಟದೆ ನುಡಿಸಬೇಕೆಂಬ ಸೂಚನೆ ಸ್ವರಲಿಪಿಯಲ್ಲೇ ಇದೆ. ಅನೇಕರು ಅದನ್ನು ಕಡೆಗಣಿಸಿ ಬೆರಳುಗಳಿಂದಲೇ ನುಡಿಸಿಬಿಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ. ಬಲಗೈಯನ್ನು ಬೆಲ್‌ನೊಳಗೆ, ಅಂದರೆ ವಾದ್ಯದ ಅಗಲವಾದ ಬಾಯಿಯೊಳಗೆ, ಮುಚ್ಚಿ ತೆರೆದು ಆ ಸ್ವರಗಳನ್ನು ತೆಗೆಯಿರಿ. ಕೆಲವು ಸ್ವರಗಳು ಮಂಕಾಗಿಯೂ ಕೆಲವು ಬೆಳಗಿಯೂ ಕೇಳುವ ಆ ಏರುಪೇರನ್ನೇ ಡ್ಯೂಕಾ ಬಯಸಿದ್ದು.

ಪ್ರಶ್ನೆ: ಈಚೆಗೆ ವಿದೇಶದಿಂದ ಒಂದು ಹಳೆಯ ಡಬಲ್ ಹಾರ್ನ್ (ಎಫ್ ಮತ್ತು ಬಿ-ಫ್ಲಾಟ್ ಎಂಬ ಎರಡು ಬದಿಯ ಕೊಳವೆಗಳಿರುವ ಹಾರ್ನ್) ತರಿಸಿಕೊಂಡೆ. ವಿಮಾನದಲ್ಲಿ ಒಯ್ಯಲು ಅನುಕೂಲವಾಗುವಂತೆ ಬೆಲ್ ಕತ್ತರಿಸಿ ತಿರುಪಿನ ಬಳೆ ಹಾಕಿಸಬೇಕು, ಲ್ಯಾಕರ್ (ಲೋಹದ ಮೇಲಿನ ರಕ್ಷಕ ಲೇಪ) ತೆಗೆಸಬೇಕು, ಲೀಡ್‌ಪೈಪ್ (ಮೌತ್‌ಪೀಸ್ ಕೂರುವ ಮೊದಲ ಕೊಳವೆ) ಬದಲಾಯಿಸಬೇಕು ಎಂದುಕೊಂಡಿದ್ದೇನೆ. ಇವುಗಳಿಂದ ನಾದ ಬಿಚ್ಚಿಕೊಳ್ಳುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಯಾವುದನ್ನು ಮೊದಲು ಮಾಡಿಸಲಿ?
– ಓದುಗರು, ಮಂಗಳೂರು

ಉತ್ತರ: ಮೂರರಲ್ಲಿ ಯಾವುದನ್ನೂ ಸದ್ಯಕ್ಕೆ ಮಾಡಿಸಬೇಡಿ. ಹಳೆಯ ಹಾರ್ನ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ವಾಲ್ವ್‌ಗಳನ್ನು. ವಾಲ್ವ್ ಒತ್ತದೆಯೇ ಅದರ ಸ್ಲೈಡನ್ನು (ಜಾರುವ ಬಾಗುಕೊಳವೆಯನ್ನು) ಅರ್ಧದಷ್ಟು ಹೊರಗೆಳೆಯಿರಿ, ಕೆಲವು ಕ್ಷಣ ಹಾಗೆಯೇ ಬಿಡಿ, ಆಮೇಲೆ ವಾಲ್ವ್ ಒತ್ತಿ. ‘ಟಪ್’ ಎಂದು ಸದ್ದು ಬಂದರೆ ಒಳಗೆ ಗಾಳಿ ಸೋರುತ್ತಿಲ್ಲ ಎಂದರ್ಥ. ಸದ್ದೇ ಬಾರದಿದ್ದರೆ ವಾಲ್ವ್‌ನ ತಿರುಗುವ ದಿಂಡು ಸವೆದಿದೆ. ಆಗ ಬೆಲ್‌ಗೂ ಲ್ಯಾಕರ್‌ಗೂ ಸುರಿಯುವ ಹಣವೆಲ್ಲ ವ್ಯರ್ಥ. ಬೆರಳಿನ ಮೂರೂ ವಾಲ್ವ್‌ಗಳನ್ನು ಎರಡೂ ಬದಿಯ ಸ್ಲೈಡ್‌ಗಳಲ್ಲಿ ಹೀಗೆ ಪರೀಕ್ಷಿಸಿ. ವಾಲ್ವ್ ತಿರುಗಿಸುವ ದಾರಗಳು ನವೆದಿದ್ದರೆ ಅವನ್ನು ನೀವೇ ಬದಲಾಯಿಸಲು ಕಲಿಯುವುದು ಒಳ್ಳೆಯದು. ಕೀಲಿಯ ತುದಿಯ ರಂಧ್ರದಲ್ಲಿ ಗಂಟು ಹಾಕಿ, ದಾರವನ್ನು ವಾಲ್ವ್‌ನ ತಿರುಗುತೋಳಿಗೆ ಎಂಟರ ಆಕಾರದಲ್ಲಿ ಸುತ್ತಿ, ತಿರುಪು ಬಿಗಿಯುವ ಮುನ್ನ ಎಲ್ಲ ಕೀಲಿಗಳೂ ಒಂದೇ ಎತ್ತರಕ್ಕೆ ಬಂದಿವೆಯೇ ನೋಡಿಕೊಳ್ಳಿ.

ಲೀಡ್‌ಪೈಪ್ ಮೇಲೆ ಕೆಂಪು ಚುಕ್ಕೆಗಳಿವೆಯೇ ನೋಡಿ. ಹಿತ್ತಾಳೆಯೊಳಗಿನ ಸತು ಕರಗಿ ತಾಮ್ರ ಮಾತ್ರ ಉಳಿದಾಗ ಅಂಥ ಚುಕ್ಕೆಗಳು ಕಾಣಿಸುತ್ತವೆ, ಅದು ಒಳಗಿನಿಂದ ಹೊರಗೆ ಬರುವ ಕೊಳೆತ. ಹಾಗಿದ್ದರೆ ಲೀಡ್‌ಪೈಪ್ ಬದಲಾಯಿಸಲೇಬೇಕು. ನೀವು ಹೇಳಿದ ಮೂರು ಮಾರ್ಪಾಡುಗಳಲ್ಲಿ ವಾದ್ಯದ ಸ್ವಭಾವವನ್ನು ಹೆಚ್ಚು ಬದಲಾಯಿಸುವುದೂ ಇದೇ, ಏಕೆಂದರೆ ಮೌತ್‌ಪೀಸ್‌ನ ನಂತರದ ಆ ಕೊಳವೆ ಹೇಗೆ ಅಗಲವಾಗುತ್ತ ಹೋಗುತ್ತದೆ ಎಂಬುದರ ಮೇಲೆ ಸ್ವರಗಳ ಶ್ರುತಿಯೂ ಊದುವಾಗಿನ ತಡೆಯೂ ನಿಲ್ಲುತ್ತವೆ. ಬೆಸುಗೆ ಬಿಡಿಸಿ ತೆಗೆದ ಹಳೆಯ ಕೊಳವೆ ಕೊಳೆತಿಲ್ಲದಿದ್ದರೆ ಎಸೆಯಬೇಡಿ, ಹೊಸದು ಒಗ್ಗದಿದ್ದರೆ ಅದನ್ನೇ ಮತ್ತೆ ಕೂರಿಸಬಹುದು.

ಬೆಲ್ ಕತ್ತರಿಸುವುದು ಅನುಕೂಲಕ್ಕಾಗಿ ಮಾಡಿಸುವ ಕೆಲಸ, ನಾದಕ್ಕಾಗಿ ಅಲ್ಲ. ಬಳೆಯ ತೂಕ ಸೇರುವುದರಿಂದ ನುಡಿಸುವವರಿಗೆ ಅಲ್ಪಸ್ವಲ್ಪ ವ್ಯತ್ಯಾಸ ತಿಳಿಯುತ್ತದೆ, ಸಭೆಯಲ್ಲಿ ಕುಳಿತವರಿಗೆ ತಿಳಿಯುವುದು ಕಷ್ಟ. ಪದೇ ಪದೇ ಪ್ರಯಾಣ ಮಾಡುವವರು ಧಾರಾಳವಾಗಿ ಮಾಡಿಸಬಹುದು, ಆದರೆ ಒಮ್ಮೆ ಕತ್ತರಿಸಿದ ಬೆಲ್ ಮೊದಲಿನ ಸ್ಥಿತಿಗೆ ಬಾರದು. ಆದ್ದರಿಂದ ಕನಿಷ್ಠ ಒಂದು ವರ್ಷ ಆ ವಾದ್ಯದ ಜೊತೆ ಬಾಳಿದ ಮೇಲೆ ನಿರ್ಧರಿಸಿ.

ಲ್ಯಾಕರ್ ವಿಷಯದಲ್ಲಿ ಮಾತ್ರ ನಾನು ಖಂಡಿತ ಬೇಡ ಎನ್ನುತ್ತೇನೆ. ಸಮುದ್ರದ ಗಾಳಿ, ವರ್ಷದ ಬಹುಭಾಗ ಆರದ ಬೆವರು, ಇವುಗಳ ನಡುವೆ ಬರಿ ಹಿತ್ತಾಳೆ ಬೇಗ ಕಿಲುಬು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಲ್ಯಾಕರ್ ತೆಗೆಯುವ ನೆಪದಲ್ಲಿ ಯಂತ್ರದಿಂದ ಉಜ್ಜಿ ಹೊಳಪು ಕೊಡುವುದು. ಆಗ ಬೆಲ್‌ನ ತೆಳು ಲೋಹವೇ ಸವೆದುಹೋಗುತ್ತದೆ. ನಾದ ಬಿಚ್ಚಿಕೊಳ್ಳಬೇಕೆಂದಿದ್ದರೆ ನಿಮ್ಮ ಬಲಗೈ ಬೆಲ್‌ನೊಳಗೆ ಎಷ್ಟು ಆಳಕ್ಕೆ, ಎಷ್ಟು ತೆರೆದು ಕೂತಿದೆ ಎಂಬುದನ್ನು ಮೊದಲು ಪರೀಕ್ಷಿಸಿ. ಅಂಗೈಯ ಕೋನ ಸ್ವಲ್ಪ ಬದಲಾದರೂ ಶ್ರುತಿ ಮತ್ತು ನಾದ ಎರಡೂ ಬದಲಾಗುತ್ತವೆ, ಅದಕ್ಕೆ ಖರ್ಚೂ ಇಲ್ಲ.

ಪ್ರಶ್ನೆ: ಮೌತ್‌ಪೀಸ್ ಬದಲಾಯಿಸಿದರೆ ಮೇಲಿನ ಸ್ವರಗಳು ಸುಲಭವಾಗುತ್ತವೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬಟ್ಟಲಿನ ಆಳ ಕಡಿಮೆಯಾದರೆ ಮೇಲಿನ ಸ್ವರಗಳು ತುಸು ಹಗುರವಾಗಿ ಬರುತ್ತವೆ, ಅದರ ಜೊತೆಗೇ ಕೆಳಗಿನ ಸ್ವರಗಳ ದುಂಡುತನ ಕಡಿಮೆಯಾಗುತ್ತದೆ. ಅಂಚು ಒಗ್ಗಿದ್ದರೆ ಅದನ್ನು ಹಾಗೇ ಉಳಿಸಿಕೊಂಡು, ಬಟ್ಟಲನ್ನು ಮಾತ್ರ ಬದಲಾಯಿಸಬಹುದಾದ ತಿರುಪಿನ ಮೌತ್‌ಪೀಸ್ ತೆಗೆದುಕೊಳ್ಳಿ. ಕಛೇರಿಗೆ ತಿಂಗಳಿರುವಾಗ ಮಾತ್ರ ಈ ಪ್ರಯೋಗ ಬೇಡ.

ಪ್ರಶ್ನೆ: ಪಾಶ್ಚಾತ್ಯ ಸಂಗೀತದ ಹಾರ್ನ್‌ಗೂ ಮೈಸೂರಿಗೂ ಏನಾದರೂ ನಂಟಿದೆಯೇ?
– ಓದುಗರು, ಮೈಸೂರು

ಉತ್ತರ: ಇದೆ, ಮತ್ತು ಅದು ಅರಮನೆಯ ಬ್ಯಾಂಡಿಗಷ್ಟೇ ಸೀಮಿತವಾದದ್ದಲ್ಲ. ಸ್ವತಃ ಪಿಯಾನೊ ಅಭ್ಯಾಸ ಮಾಡಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ರಿಚರ್ಡ್ ಸ್ಟ್ರಾಸ್ 1948ರಲ್ಲಿ, ಸಾಯುವ ಹಿಂದಿನ ವರ್ಷ, ಬರೆದ ನಾಲ್ಕು ಕೊನೆಯ ಹಾಡುಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದದ್ದು ಒಡೆಯರ್ ಅವರ ಹಣಕಾಸಿನ ನೆರವಿನಿಂದ. ಫುರ್ಟ್‌ವೆಂಗ್ಲರ್ ನಿರ್ದೇಶನ, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಗಾಯನ, ಫಿಲ್ಹಾರ್ಮೋನಿಯಾ ವಾದ್ಯವೃಂದ. ಅವುಗಳಲ್ಲಿ ‘ಸೆಪ್ಟೆಂಬರ್’ ಎಂಬ ಹಾಡು ಗಾಯಕಿಯ ದನಿ ನಿಂತ ಮೇಲೆ ಹಾರ್ನ್‌ನ ದೀರ್ಘವಾದ ಏಕಾಂತ ನುಡಿಯಿಂದ ಮುಗಿಯುತ್ತದೆ. ಸ್ಟ್ರಾಸ್‌ನ ತಂದೆ ಫ್ರಾನ್ಸ್ ಸ್ಟ್ರಾಸ್ ಮ್ಯೂನಿಕ್ ಆಸ್ಥಾನದ ಹೆಸರಾಂತ ಹಾರ್ನ್ ವಾದಕ ಎಂಬುದು ನೆನಪಿದ್ದರೆ ಆ ಸಾಲುಗಳು ಇನ್ನೂ ಆಳಕ್ಕೆ ಇಳಿಯುತ್ತವೆ.

ಆ ಕಾಲದಲ್ಲಿ ಫಿಲ್ಹಾರ್ಮೋನಿಯಾದ ಪ್ರಧಾನ ಹಾರ್ನ್ ವಾದಕರು ಡೆನಿಸ್ ಬ್ರೇನ್. ವಾದ್ಯದ ಬಗೆಗಿನ ಇಂದಿನ ನಮ್ಮ ವಾದಗಳಿಗೂ ಅವರ ಉದಾಹರಣೆ ಬೇಕಾಗುತ್ತದೆ: ತೆಳು ಕೊಳವೆಯ ಫ್ರೆಂಚ್ ಪಿಸ್ಟನ್ ಹಾರ್ನ್ ನುಡಿಸಿ ಹೆಸರಾದ ಅವರು 1951ರಲ್ಲಿ ಜರ್ಮನ್ ಮಾದರಿಯ ಅಲೆಕ್ಸಾಂಡರ್ ಹಾರ್ನ್‌ಗೆ ಬದಲಾಯಿಸಿಕೊಂಡರು. ಎರಡೂ ಕಾಲದ ಧ್ವನಿಮುದ್ರಣಗಳು ಸಿಗುತ್ತವೆ. ಅಕ್ಕಪಕ್ಕ ಇಟ್ಟು ಕೇಳಿ, ನಾದ ಬದಲಾಗಿದೆ, ಸ್ವರಗಳನ್ನು ಪೋಣಿಸುವ ಬಗೆ ಬದಲಾಗಿಲ್ಲ.

ಪ್ರಶ್ನೆ: ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್‌ಗೆ ಮಾಡಿದಂತೆ ಹಾರ್ನ್ ಅನ್ನೂ ಮಾರ್ಪಡಿಸಿ ಅದರಲ್ಲಿ ಕರ್ನಾಟಕ ಸಂಗೀತ ನುಡಿಸಲು ಸಾಧ್ಯವೇ? ಕಛೇರಿಯ ಕೊನೆಗೆ ಒಂದು ಕೃತಿ ಸೇರಿಸುವ ಆಸೆಯಿದೆ.
– ಓದುಗರು, ಉಡುಪಿ

ಉತ್ತರ: ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಗೋಪಾಲನಾಥರು ಗಮಕಗಳಿಗಾಗಿ ವಾದ್ಯವನ್ನು ಮಾರ್ಪಡಿಸಿಕೊಂಡದ್ದೂ, 1994ರಲ್ಲಿ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದ್ದೂ ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಹಾರ್ನ್‌ಗೆ ಆ ದಾರಿ ನೇರವಾಗಿ ಸಿಗದು. ಸ್ಯಾಕ್ಸೊಫೋನ್‌ನಲ್ಲಿ ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ) ಮೇಲಿನ ತುಟಿಯ ಒತ್ತಡ ಸಡಿಲಿಸಿದರೆ ಸ್ವರ ಸಾಕಷ್ಟು ಜಾರುತ್ತದೆ. ಹಾರ್ನ್‌ನಲ್ಲಿ ಕಂಪಿಸುವುದು ತುಟಿಯೇ, ಮತ್ತು ಉದ್ದದ ಕೊಳವೆ ತನ್ನದೇ ಸಹಜ ಸ್ವರಗಳ (ಕೊಳವೆಯ ಉದ್ದ ಬದಲಾಯಿಸದೆ ತುಟಿಯ ಬಿಗಿಯಿಂದಲೇ ಬರುವ ಸ್ವರಗಳ) ಮೇಲೆ ಆ ಕಂಪನವನ್ನು ಹಿಡಿದಿಡುತ್ತದೆ. ಎಫ್ ಬದಿಯ ಕೊಳವೆ ಸುಮಾರು 12 ಅಡಿ. ಮೇಲಿನ ಸ್ಥಾಯಿಯಲ್ಲಿ ಸಹಜ ಸ್ವರಗಳು ಒತ್ತೊತ್ತಾಗಿರುವುದರಿಂದ ಜಾರಿಸಲು ಹೋದ ಸ್ವರ ಪಕ್ಕದ ಸ್ವರಕ್ಕೆ ಹಾರಿಬಿಡುತ್ತದೆ. ಬಲಗೈಯಿಂದ ಬೆಲ್ ಅನ್ನು ಮೆಲ್ಲಗೆ ಮುಚ್ಚುತ್ತ ಅರ್ಧ ಸ್ವರದಷ್ಟು ಇಳಿಸಬಹುದು, ಆದರೆ ನಾದವೂ ಜೊತೆಗೇ ಮಂಕಾಗುತ್ತದೆ. ತೋಡಿಯ ಗಾಂಧಾರಕ್ಕೆ ಇಷ್ಟು ಸಾಲದು. ತೋಡಿ, ಭೈರವಿ, ಸಾವೇರಿಗಳನ್ನು ಹಾರ್ನ್‌ನಲ್ಲಿ ನುಡಿಸಬೇಡಿ ಎಂದೇ ನನ್ನ ಸಲಹೆ. ರಾಗಕ್ಕೂ ವಾದ್ಯಕ್ಕೂ ಅದರಿಂದ ನ್ಯಾಯ ಸಿಗುವುದಿಲ್ಲ.

ಹಂಸಧ್ವನಿಯ ಮಾತೇ ಬೇರೆ. ವಾಲ್ವ್‌ಗಳನ್ನು ಕದಲಿಸದೆ ಹಾರ್ನ್‌ನಲ್ಲಿ ಸಿಗುವ, ಕೆಳಗಿನಿಂದ ಎಣಿಸಿದರೆ ಎಂಟನೆಯ ಸಹಜ ಸ್ವರವನ್ನು ಷಡ್ಜವೆಂದು ಹಿಡಿದರೆ ಒಂಬತ್ತನೆಯದು ಚತುಶ್ರುತಿ ರಿಷಭ, ಹತ್ತನೆಯದು ಅಂತರ ಗಾಂಧಾರ, ಹನ್ನೆರಡನೆಯದು ಪಂಚಮ, ಹದಿನೈದನೆಯದು ಕಾಕಲಿ ನಿಷಾದ, ಹದಿನಾರನೆಯದು ತಾರ ಷಡ್ಜ. ಹಂಸಧ್ವನಿಗೆ ಬೇಕಾದದ್ದು ಇಷ್ಟೇ! ಶ್ರುತಿ ತಪ್ಪಿ ನಿಲ್ಲುವ ಹನ್ನೊಂದನೆಯ, ಹದಿಮೂರನೆಯ, ಹದಿನಾಲ್ಕನೆಯ ಸ್ವರಗಳು ಈ ರಾಗಕ್ಕೆ ಬೇಡವೇ ಬೇಡ. ವಾದ್ಯಕ್ಕೆ ಯಾವ ಮಾರ್ಪಾಡೂ ಇಲ್ಲದೆ ತಂಬೂರಿಯ ಶ್ರುತಿಯೊಡನೆ ಬೆರೆಯುವ ಗಾಂಧಾರ ಸಿಗುತ್ತದೆ. ಎಫ್ ಬದಿಯಲ್ಲಿ ಒಂದು ಮತ್ತು ಎರಡನೆಯ ವಾಲ್ವ್‌ಗಳನ್ನು ಒತ್ತಿಹಿಡಿದು ಡಿ ಶ್ರುತಿಯಲ್ಲಿ ಆರಂಭಿಸಿ; ಇನ್ನೂ ಇಳಿಸಬೇಕೆಂದರೆ ಎರಡು ಮತ್ತು ಮೂರನ್ನು ಹಿಡಿಯಿರಿ. ಮಂದ್ರದಲ್ಲಿ ಮಾತ್ರ ಸಹಜ ಸ್ವರಗಳ ನಡುವೆ ಅಂತರ ದೊಡ್ಡದು, ಅಲ್ಲಿ ರಿಷಭ ನಿಷಾದಗಳಿಗೆ ಬೆರಳುಗಳ ಸಹಾಯ ಬೇಕೇ ಬೇಕು.

ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ಎಲ್ಲರಿಗೂ ಮೊದಲು ಹೊಳೆಯುವ ಕೃತಿ, ಆದರೆ ಅದರ ಸಂಗತಿಗಳು ವೇಗವಾಗಿ ತಾರಕ್ಕೆ ಏರುತ್ತವೆ, ಕಛೇರಿಯ ಕೊನೆಗೆ ತುಟಿಯಲ್ಲಿ ಆ ಕಸುವು ಉಳಿದಿರುವುದಿಲ್ಲ. ಕೊನೆಗೆ ನುಡಿಸುವುದಾದರೆ ಅದೇ ದೀಕ್ಷಿತರ ನೊಟ್ಟುಸ್ವರಗಳನ್ನು ನೋಡಿ. ಯುರೋಪಿನ ಬ್ಯಾಂಡ್ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ಮಾಡಿದ, ಶಂಕರಾಭರಣದ ಸ್ವರಗಳಲ್ಲಿರುವ ಈ ರಚನೆಗಳಿಗೆ ಗಮಕದ ಹಂಗಿಲ್ಲ. ಎರಡು ಅಥವಾ ಮೂರನ್ನು ಆಯ್ದು, ಪಿಯಾನೊ ಬಿಟ್ಟು ತಂಬೂರಿಯ ಶ್ರುತಿಯೊಂದಿಗೆ ನುಡಿಸಿ. ಪ್ರತಿಯೊಂದರ ಮೊದಲು ಸಾಹಿತ್ಯದ ಒಂದೆರಡು ಸಾಲನ್ನು ಸಭೆಗೆ ಓದಿ ಹೇಳಿ, ಏಕೆಂದರೆ ಸಾಹಿತ್ಯ ಗೊತ್ತಿದ್ದವರಿಗೆ ಆ ಚಿಕ್ಕ ಮಟ್ಟುಗಳು ಬೇರೆಯಾಗಿಯೇ ಕೇಳಿಸುತ್ತವೆ.