ಒಂದು ಭಾನುವಾರ, ಆರು ಜನ, ಬೆಂಗಳೂರು

ಪ್ರಶ್ನೆ: ನಾವು ಗಂಡ-ಹೆಂಡತಿ, 12 ಮತ್ತು 7 ವರ್ಷದ ಮಕ್ಕಳು, ಅತ್ತೆ-ಮಾವ ಸೇರಿ ಆರು ಜನ. ಭಾನುವಾರ ಬೆಳಿಗ್ಗೆ ಆರಕ್ಕೆ ಮೆಜೆಸ್ಟಿಕ್ ಹತ್ತಿರದ ರೈಲು ನಿಲ್ದಾಣದಲ್ಲಿ ಇಳಿದು, ರಾತ್ರಿ ಹತ್ತರ ಮೇಲಿನ ರೈಲಿಗೆ ವಾಪಸ್ ಹೊರಡುತ್ತೇವೆ. ಲಾಲ್‌ಬಾಗ್, ಬನ್ನೇರುಘಟ್ಟ, ಇಸ್ಕಾನ್, ಟಿಪ್ಪು ಅರಮನೆ, ವಿಶ್ವೇಶ್ವರಯ್ಯ ಮ್ಯೂಸಿಯಂ, ವಿಧಾನಸೌಧ ಎಲ್ಲವನ್ನೂ ನೋಡಬಹುದೇ? ಟ್ಯಾಕ್ಸಿ ಮಾಡಿಕೊಳ್ಳಬೇಕೆ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಬನ್ನೇರುಘಟ್ಟವನ್ನು ಪಟ್ಟಿಯಿಂದ ತೆಗೆದುಬಿಡಿ. ಅದು ಊರ ನಡುವಿನಿಂದ 20 ಕಿಲೋಮೀಟರಿಗೂ ದೂರ. ಸಫಾರಿ ಟಿಕೆಟ್ಟಿನ ಸಾಲು, ಬಸ್ಸಿಗಾಗಿ ಕಾಯುವುದು ಎಲ್ಲ ಸೇರಿದರೆ ದಿನವಿಡೀ ಅಲ್ಲೇ ಕಳೆಯುತ್ತದೆ. ಇಸ್ಕಾನ್ ನಿಮ್ಮ ದಾರಿಗೆ ವಿರುದ್ಧ ದಿಕ್ಕು, ಅದನ್ನೂ ಬಿಡಿ. ಉಳಿದ ನಾಲ್ಕು ಜಾಗಗಳು ಮೆಟ್ರೋದ ಹಸಿರು ಮತ್ತು ನೇರಳೆ ಮಾರ್ಗಗಳಲ್ಲೇ ಸಿಗುತ್ತವೆ, ಟ್ಯಾಕ್ಸಿ ಬೇಕಿಲ್ಲ. ಆರು ಜನಕ್ಕೆ ದೊಡ್ಡ ಕಾರೇ ಬೇಕು, ಕೆ.ಆರ್. ಮಾರ್ಕೆಟ್ ಸುತ್ತ ಅದನ್ನು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಇಳಿದ ಕೂಡಲೇ ಲಗೇಜನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಿ. ಬೀಗ ಹಾಕದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಊರಿಂದಲೇ ಸಣ್ಣ ಬೀಗಗಳನ್ನು ತನ್ನಿ. ರೈಲು ಟಿಕೆಟ್ಟೂ ಕೈಯಲ್ಲಿರಲಿ. ಭಾನುವಾರ ಮೆಟ್ರೋ ಶುರುವಾಗುವುದೇ ಬೆಳಿಗ್ಗೆ ಏಳಕ್ಕೆ. ಅಷ್ಟರೊಳಗೆ ಮುಖ ತೊಳೆದು ಕಾಫಿ ಮುಗಿಸಿಕೊಳ್ಳಿ.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಲಾಲ್‌ಬಾಗ್. ಅಲ್ಲಿಂದ ಪಶ್ಚಿಮದ ಗೇಟು ಪಕ್ಕದಲ್ಲೇ ಇದೆ. ಮೊದಲು ಗಾಜಿನ ಮನೆ, ಆಮೇಲೆ ಕೆಂಪೇಗೌಡ ಗೋಪುರವಿರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ಬಂಡೆಯ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಅವರು ಹತ್ತುವ ಹುರುಪೇ ಬೇರೆ. ಹತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ, ಮಳೆ ಬಿದ್ದಿದ್ದರೆ ಜಾರುತ್ತದೆ. ಹಾಗಾಗಿ ಬಂಡೆಯನ್ನು ಬಿಸಿಲೇರುವ ಮುಂಚೆಯೇ ಮುಗಿಸಿ.

ಹತ್ತರ ಸುಮಾರಿಗೆ ಹೊರಟು, ಬಂದ ದಾರಿಯಲ್ಲೇ ಎರಡು ನಿಲ್ದಾಣ ಹಿಂದಕ್ಕೆ ಹೋಗಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಿರಿ. ಟಿಪ್ಪುವಿನ ಬೇಸಿಗೆ ಅರಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ಹೈದರಾಲಿ ಶುರು ಮಾಡಿಸಿದ ಕಟ್ಟಡ ಟಿಪ್ಪುವಿನ ಕಾಲದಲ್ಲಿ, 1791ರಲ್ಲಿ ಪೂರ್ತಿಯಾಯಿತು. ತೇಗದ ಕಂಬಗಳ ಬುಡದಲ್ಲಿ ನಿಂತು ಮೇಲಿನ ಕಮಾನುಗಳತ್ತ ನೋಡಿ, ಗೋಡೆಯ ಹಳೆಯ ಬಣ್ಣದ ಚಿತ್ತಾರ ಇನ್ನೂ ಅಲ್ಲಲ್ಲಿ ಉಳಿದಿದೆ. ಮುಕ್ಕಾಲು ಗಂಟೆ ಸಾಕು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಮಧ್ಯಾಹ್ನದ ಊಟವನ್ನು ಹನ್ನೆರಡಕ್ಕೇ ಮುಗಿಸಿಬಿಡಿ, ಒಂದು ಗಂಟೆಯ ಮೇಲೆ ಎಲ್ಲ ಹೋಟೆಲಿನಲ್ಲೂ ಸಾಲು. ದರ್ಶಿನಿಗಳಲ್ಲಿ ಬೇಗ ಸಿಗುತ್ತದೆ, ಆದರೆ ಅಲ್ಲಿ ನಿಂತು ತಿನ್ನಬೇಕು. ಹಿರಿಯರಿದ್ದಾರೆ, ಕೂತು ಉಣ್ಣುವ ಜಾಗವನ್ನೇ ನೋಡಿ.

ನಂತರ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗಕ್ಕೆ ಬದಲಾಯಿಸಿ. ಇಲ್ಲೇ ಹೊಸಬರು ಎಡವುವುದು: ಮಾರ್ಗ ಬದಲಿಸಲು ಗೇಟು ದಾಟಿ ಹೊರಬರಬಾರದು. ಬಂದರೆ ಮತ್ತೆ ಟಿಕೆಟ್ ಕೊಳ್ಳಬೇಕಾಗುತ್ತದೆ. ಬಣ್ಣದ ಬೋರ್ಡು ಹಿಡಿದು ಒಳಗೊಳಗೇ ಹೋಗಿ, ವೈಟ್‌ಫೀಲ್ಡ್ ಕಡೆಯ ರೈಲು ಹತ್ತಿ. ಮೂರನೆಯ ನಿಲ್ದಾಣ ಕಬ್ಬನ್ ಪಾರ್ಕ್. ಅಲ್ಲಿಂದ ಮ್ಯೂಸಿಯಂಗೆ ಸುಮಾರು ಒಂದು ಕಿಲೋಮೀಟರ್. ಅತ್ತೆ-ಮಾವನವರನ್ನು ಆಟೋದಲ್ಲಿ ಕರೆದೊಯ್ಯಿರಿ. ಆಟೋಗೆ ಮೂರೇ ಜನ, ಮೀಟರ್ ಹಾಕಿಸಿ. 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ.

ನಾಲ್ಕೂವರೆಗೆ ಮ್ಯೂಸಿಯಂನಿಂದ ಹೊರಬಿದ್ದರೆ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಒಂದು ಗಂಟೆ ಕೂರಬಹುದು. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಕ್ಕಳು ರಸ್ತೆಯ ಮೇಲೇ ಓಡಾಡಿಕೊಂಡಿರುತ್ತಾರೆ. ಕತ್ತಲಾದ ಮೇಲೆ ವಿಧಾನಸೌಧದ ದೀಪ ನೋಡಿ, ಎದುರಿನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಎರಡೇ ನಿಲ್ದಾಣ.

ಪ್ರಶ್ನೆ: ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಎಷ್ಟು ಹೊತ್ತು ಬೇಕು? ಹಿಂದೆ ಹೋಗಿದ್ದಾಗ ಮಕ್ಕಳು ಅರ್ಧಕ್ಕೇ ಸುಸ್ತಾಗಿದ್ದರು.
- ಓದುಗರೊಬ್ಬರು, ತುಮಕೂರು

ಉತ್ತರ: ಮೂರು ಗಂಟೆ ಇಟ್ಟುಕೊಳ್ಳಿ. ಸುಸ್ತಾಗುವುದು ಏಕೆಂದರೆ ಎಲ್ಲರೂ ಕೆಳಗಿನ ಎಂಜಿನ್ ಹಾಲ್‌ನಲ್ಲೇ ಒಂದೊಂದು ಯಂತ್ರದ ಬರಹವನ್ನೂ ಓದುತ್ತಾ ಶುರು ಮಾಡುತ್ತಾರೆ. ಮಕ್ಕಳ ಕಾಲಿಗೆ ಶಕ್ತಿ ಇರುವಾಗಲೇ ಮೋಜಿನ ವಿಜ್ಞಾನದ ಗ್ಯಾಲರಿಗೆ ಕರೆದೊಯ್ಯಿರಿ. ಅಲ್ಲಿ ಒತ್ತಿ, ತಿರುಗಿಸಿ, ಎಳೆದು ನೋಡಬಹುದು. ಆಮೇಲೆ ಡೈನೋಸಾರ್, ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿರೂಪ. 3ಡಿ ಪ್ರದರ್ಶನಕ್ಕೆ ಬೇರೆ ಟಿಕೆಟ್. ಒಳಗೆ ಹೋಗುವಾಗಲೇ ಅದರ ಸಮಯ ಕೇಳಿಕೊಂಡು, ಅದಕ್ಕೆ ಹೊಂದುವಂತೆ ಉಳಿದದ್ದನ್ನು ನೋಡಿ. ಹೊರಗಡೆ ನಿಂತಿರುವ ಮರುತ್ ಯುದ್ಧವಿಮಾನವನ್ನು ಅನೇಕರು ಗಮನಿಸದೆ ಬರುತ್ತಾರೆ. ಅದು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗಿ 1961ರಲ್ಲಿ ಮೊದಲ ಬಾರಿ ಹಾರಿದ ವಿಮಾನ. ತಪ್ಪದೆ ತೋರಿಸಿ.

ಪ್ರಶ್ನೆ: ಒಂದು ದಿನಕ್ಕೆ ಮೆಟ್ರೋ ಸ್ಮಾರ್ಟ್ ಕಾರ್ಡ್ ಕೊಳ್ಳುವುದು ಲಾಭವೇ?
- ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಇಲ್ಲ. ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬಹುದು, ಒಳಗೆ ಕನಿಷ್ಠ ಹಣವನ್ನೂ ಉಳಿಸಿರಬೇಕು. ಮೊಬೈಲ್‌ನಲ್ಲಿ ಒಂದೇ ಕ್ಯೂಆರ್ ಟಿಕೆಟ್ಟಿಗೆ ಆರು ಜನರವರೆಗೆ ಹೋಗಬಹುದು. ಆದರೆ ಆ ಮೊಬೈಲ್ ಇರುವವರು ಮುಂದೆ ಹೋಗಿಬಿಟ್ಟರೆ ಉಳಿದವರು ಗೇಟಿನೊಳಗೇ ಸಿಕ್ಕಿಕೊಳ್ಳುತ್ತಾರೆ, ಅದಕ್ಕೇ ಎಲ್ಲರೂ ಜೊತೆಯಲ್ಲೇ ಇಳಿಯಬೇಕು. ಪವರ್ ಬ್ಯಾಂಕ್ ಮರೆಯಬೇಡಿ. ಮೂರು ಅಡಿಗಿಂತ ಗಿಡ್ಡ ಇರುವ ಮಕ್ಕಳಿಗೆ ಟಿಕೆಟ್ ಬೇಡ. ರೈಲಿನಲ್ಲಿ ತಿಂಡಿ ತಿನ್ನುವಂತಿಲ್ಲ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಆದರೂ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಲೇಬೇಕು.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಲಾಲ್‌ಬಾಗ್ ನಡೆದು ನೋಡಲು ಆದೀತೆ?
- ಓದುಗರೊಬ್ಬರು, ಹಾಸನ

ಉತ್ತರ: ತೋಟ 240 ಎಕರೆ ಇದೆ, ಪೂರ್ತಿ ನಡೆಸಬೇಡಿ. ಬ್ಯಾಟರಿ ವಾಹನ ಹಣ ಕೊಟ್ಟರೆ ಸಿಗುತ್ತದೆ, ಟಿಕೆಟ್ ಕೌಂಟರಿನಲ್ಲೇ ವಿಚಾರಿಸಿ. ನೀವು ಬಂಡೆ ಹತ್ತುವಾಗ ಅಮ್ಮ ಗಾಜಿನ ಮನೆಯ ಬಳಿ ನೆರಳಿನ ಬೆಂಚಿನಲ್ಲಿ ಕೂತಿರಲಿ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಅವರನ್ನು ಕರೆತರಬೇಡಿ, ಆ ನೂಕುನುಗ್ಗಲು ಮಂಡಿನೋವಿನವರಿಗೆ ಆಗಿಬರುವುದಿಲ್ಲ.

ಪ್ರಶ್ನೆ: ವಾರದ ಯಾವ ದಿನ ಯಾವುದು ರಜೆ?
- ಓದುಗರೊಬ್ಬರು, ಶಿರಸಿ

ಉತ್ತರ: ಸೋಮವಾರ ನೆಹರೂ ತಾರಾಲಯ ಮತ್ತು ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲ್ ಇರುವುದಿಲ್ಲ. ಮಂಗಳವಾರ ಬನ್ನೇರುಘಟ್ಟ, ಶುಕ್ರವಾರ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಹೋಟೆಲ್.